ಕಲ್ಲಿನ ಸದ್ದು ಕೇಳಿ ಕೊಟ್ಟ ತೀರ್ಪು

ಉಮಾನಾಥರಿಗೆ ಸಂಗೀತ ಗೊತ್ತು ಎಂಬ ಸುದ್ದಿಯನ್ನು ಊರಲ್ಲಿ ಮೊದಲು ಹಬ್ಬಿಸಿದವರು ಯಾರೋ, ಅವರ ಕಾಫಿಗೆ ಜನ್ಮವಿಡೀ ಉಪ್ಪು ಬೀಳಲಿ ಎಂದು ಅವರು ಈಗಲೂ ಶಪಿಸುವುದುಂಟು.

ಸಂಗತಿ ಏನಪ್ಪಾ ಅಂದರೆ, ನಾಸಿಕದ ಪಂಚವಟಿಯಲ್ಲಿ, ಹೊಳೆಗೆ ಇಳಿಯುವ ಓಣಿಯ ತಿರುವಿನಲ್ಲಿ ಅವರದೊಂದು ಹೋಟೆಲು. ಕೆಳಗೆ ಹೋಟೆಲು, ಮೇಲೆ ಮನೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ರೆಕಾರ್ಡ್ ಪ್ಲೇಯರು. ಯಾವ ಹಾಡಿನ ತಟ್ಟೆ ಹಾಕಿದರೆ ಗಿರಾಕಿ ಎರಡನೆಯ ಕಾಫಿ ತರಿಸುತ್ತಾನೆ, ಯಾವುದನ್ನು ಹಾಕಿದರೆ ಲೋಟ ಕೆಳಗಿಟ್ಟು ಎದ್ದು ಹೋಗುತ್ತಾನೆ ಎಂಬಲ್ಲಿಗೆ ಉಮಾನಾಥರ ಸಂಗೀತಶಾಸ್ತ್ರ ಸಂಪೂರ್ಣವಾಗುತ್ತಿತ್ತು. ಆದರೆ ದಿನವಿಡೀ ಹಾಡಿನ ಪಕ್ಕದಲ್ಲಿ ಕುಳಿತ ಮನುಷ್ಯನನ್ನು ಜನ ಸುಮ್ಮನೆ ಬಿಡುತ್ತಾರೆಯೇ?

ಎಪ್ಪತ್ತನೆಯ ಇಸವಿಯ ಆಸುಪಾಸಿನ ಮಾತು. ಔರಂಗಾಬಾದಿನಲ್ಲಿದ್ದ ಜಯಕರ, ನಾಸಿಕ ಮತ್ತು ಔರಂಗಾಬಾದು ಎರಡೂ ಊರಿನ ಕನ್ನಡಿಗರನ್ನು ಒಟ್ಟು ಹಾಕುವ ಸಂಘದ ಕಾರ್ಯದರ್ಶಿ, ಮುಂಬಯಿಯಿಂದ ಒಂದು ಟೇಪ್ ರೆಕಾರ್ಡರ್ ತಂದ. ಎರಡು ಚಕ್ರ ತಿರುಗುವ, ಕೂಸಿನ ಹಾಗೆ ಎತ್ತಿಕೊಂಡು ಓಡಾಡಬೇಕಾದ ಯಂತ್ರ. ತಂದ ಮೇಲೆ ಸುಮ್ಮನಿರಲಾದೀತೇ? ಸಂಘದಿಂದ ಒಂದು ಸ್ಪರ್ಧೆ ಹೂಡಿದ. ನಮ್ಮ ಹೆಂಗಸರು ತಾವೇ ಕಟ್ಟಿದ ಹಾಡನ್ನು ತಾವೇ ಹಾಡಬೇಕು. ಸಿನಿಮಾದ್ದು ಬೇಡ, ದಾಸರದ್ದು ಬೇಡ, ಅಜ್ಜಿ ಹೇಳಿಕೊಟ್ಟದ್ದೂ ಬೇಡ. ಒಬ್ಬೊಬ್ಬರೂ ಐದಾರು ಹಾಡು ಹಾಡಿದರೆ, ವರ್ಷದ ಮೆಚ್ಚಿನ ಹಾಡು ಯಾರದೋ ಅವರ ಹಾಡುಗಳನ್ನು ಮುಂಬಯಿಗೆ ಒಯ್ದು ಕರಿಯ ತಟ್ಟೆ ಮಾಡಿಸುವುದು, ಥೇಟ್ ಅಂಗಡಿಯಲ್ಲಿ ಸಿಗುವಂಥದು. ತೀರ್ಪುಗಾರರು ಉಮಾನಾಥರು. (ಸಂಘದ ಸಭೆಗೆ ಬಿಟ್ಟಿ ಗೋಳಿಬಜೆ ಬರುತ್ತಿದ್ದದ್ದು ಅವರ ಹೋಟೆಲಿನಿಂದ ಎಂಬುದಕ್ಕೂ ಈ ಗೌರವಕ್ಕೂ ಸಂಬಂಧವಿಲ್ಲವೆಂದು ಜಯಕರ ಹೇಳಿದ.)

ಉಮಾನಾಥರು ಮೀಸೆ ತಿರುವಿಕೊಂಡು ಒಪ್ಪಿದರು. ಮೇಲೆ ಹೋಗಿ ಊಟಕ್ಕೆ ಕುಳಿತಾಗಲೇ ಗೊತ್ತಾದದ್ದು, ಹೆಂಡತಿ ವಾರಿಜಾಕ್ಷಿಯೂ ಹಾಡುವವಳಿದ್ದಾಳೆ ಎಂದು.

"ನಿನಗೆ ಹಾಡು ಬರ್ತದಾ?" ಎಂದರು.

"ಇಷ್ಟು ವರ್ಷ ಕೇಳಲಿಲ್ಲ, ಈಗೆಂತ ಕೇಳುದು," ಎಂದು ಅವಳು ಸಾರು ಬಡಿಸಿದಳು. "ನಿಮ್ಮ ಪೆಟ್ಟಿಗೆಯಲ್ಲಿ ಊರಿನ ಹೆಂಗಸರೆಲ್ಲ ಹಾಡ್ತಾರೆ. ನಾನೂ ಒಂದು ಸಲ ಅದರಲ್ಲಿ ಕೂತು ಹಾಡಬೇಕು ಅಂತ ಆಸೆ."

ಉಮಾನಾಥರು ಅನ್ನ ಕಲಸುತ್ತಲೇ ಲೆಕ್ಕ ಹಾಕಿದರು. ಹೆಂಡತಿ ಗೆಲ್ಲದಿದ್ದರೆ ಮನೆಯಲ್ಲಿ ಉಳಿಗಾಲವಿಲ್ಲ. ಇವಳೇ ಗೆಲ್ಲಲಿ ಎಂದು ಕಣ್ಣು ಮುಚ್ಚಿ ಬರೆದುಬಿಡೋಣವೆಂದರೆ, ಜಯಕರ ಹೆಸರು ಹೇಳದೆ ಬರೀ ನಂಬರು ಹಾಕಿ ಹಾಡು ಕೇಳಿಸುವವನು. ಅವುಗಳಲ್ಲಿ ಯಾವುದು ವಾರಿಜಾಕ್ಷಿಯದು? ಸಂಜೆಯ ಕಾಫಿಗೆ ಕೇಳಿ ನೋಡಿದರು, ಎಲೆಯಡಿಕೆ ಹಾಕುವಾಗ ಕೇಳಿ ನೋಡಿದರು. ತೀರ್ಪುಗಾರರಿಗೆ ಹೇಳಿದರೆ ಅದು ಮೋಸವಾಗುತ್ತದೆ ಎಂದಷ್ಟೇ ಅವಳ ಉತ್ತರ. ಇಂಥ ಸತ್ಯಸಂಧತೆ ಮನೆಯೊಳಗೆ ಎಲ್ಲಿಂದ ಬಂತೋ!

ಮನೆಮನೆಗೆ ಹೋಗಿ ಹಾಡು ಹಿಡಿದುಕೊಂಡ ಜಯಕರ, ಹೋಟೆಲು ತೆರವಾದ ಒಂದು ಮಧ್ಯಾಹ್ನ ಯಂತ್ರ ತಂದು ಮೇಜಿನ ಮೇಲಿಟ್ಟ. ಚಕ್ರ ತಿರುಗಿತು. ಉಮಾನಾಥರಿಗೆ ತಲೆ ತಿರುಗಿತು. ಎಲ್ಲ ಹೆಂಗಸರ ದನಿಯೂ ಡಬ್ಬಿಯೊಳಗಿಂದ ಬಂದ ಹಾಗೆ. ಇನ್ನು ವಾರಿಜಾಕ್ಷಿಯ ಸ್ವರ ಅವರಿಗೆ ಪರಿಚಯವಿದ್ದದ್ದು "ಊಟಕ್ಕೆ ಬನ್ನಿ" ಎಂಬ ಒಂದೇ ರಾಗದಲ್ಲಿ. ಆ ರಾಗ ಇಲ್ಲಿ ಯಾರೂ ಹಾಡಲಿಲ್ಲ.

ಎರಡನೆಯ ನಂಬರಿನವಳು ಹಾಡಿದ್ದು ಹೀಗೆ:

ತಿರುಗುವ ತಟ್ಟೆಯಲಿ ಯಾರ್ಯಾರ ದನಿಯುಂಟು,
ಒಲೆಯ ಮುಂದಿನ ದನಿಗೆ ಜಾಗವೆಲ್ಲಿ?
ಬಂದವರು ಹೋದವರು ತಲೆದೂಗಿ ಕೇಳ್ಯಾರು,
ಮನೆಯೊಡೆಯನ ಕಿವಿಯು ಗಲ್ಲೆಯಲ್ಲಿ.

ಯಾರೋ ಹೋಟೆಲಿನವನ ಹೆಂಡತಿ ಎಂಬುದು ಸ್ಪಷ್ಟ. ಔರಂಗಾಬಾದಿನ ಮೋಹನದಾಸರಿಗೂ ಹೋಟೆಲಿದೆ, ವೇರೂಳಿನ ಎಲ್ಲೋರಾ ಗುಹೆಗಳಿಗೆ ಹೋಗುವ ಯಾತ್ರಿಕರೆಲ್ಲ ಅವರಲ್ಲೇ ತಿಂಡಿ ತಿನ್ನುವುದು, ಅವರಲ್ಲೂ ಪ್ಲೇಯರು ಇದೆ. ಹಾಗಾದರೆ ಇವಳು ಅವರ ಹೆಂಡತಿ ಮನೋರಮಾ. ಪಾಪ, ಮೋಹನದಾಸ ಇಷ್ಟು ಕಲ್ಲುಮನಸ್ಸಿನವನೆಂದು ಗೊತ್ತಿರಲಿಲ್ಲ ಎಂದು ಉಮಾನಾಥರು ಮರುಗಿದರು.

ಆಮೇಲೆ ಮೂರನೆಯ ನಂಬರು. ಹಾಡು ಶುರುವಾಗುವ ಮೊದಲೇ ಹಿಂದಿನಿಂದ ಒಂದು ಸದ್ದು: ಗರಗರಗರ, ಟಕ್. ಗರಗರಗರ, ಟಕ್.

ಉಮಾನಾಥರು ಕುರ್ಚಿಯಿಂದ ಅರ್ಧ ಎದ್ದರು. ಅದು ಅವರ ಮನೆಯ ಕಡೆಯುವ ಕಲ್ಲು! ಉಡುಪಿಯಿಂದ ತರಿಸುವಾಗ ಮನಮಾಡ್ ಸ್ಟೇಷನ್ನಿನಲ್ಲಿ ಹಮಾಲ ಬೀಳಿಸಿ, ಒರಳಿನ ಒಂದು ಕಡೆ ಚೂರು ಹಾರಿಹೋಗಿತ್ತು. ಅಂದಿನಿಂದ ಗುಂಡುಕಲ್ಲು ಒಂದು ಸುತ್ತು ಬಂದಾಗಲೆಲ್ಲ ಟಕ್ ಅನ್ನುತ್ತದೆ. ಬೆಳಗಾಗುವುದೇ ಆ ಸದ್ದಿಗೆ. ಸ್ವರ ಬದಲಾದೀತು, ಕಲ್ಲು ಬದಲಾದೀತೇ?

ಹಾಡು ಹೀಗಿತ್ತು:

ತೊಗರೀಯ ಸೀಮೀಯ ಮಗಳಾಗಿ ಬಂದೇನ
ಗೋದಾವರಿ ದಂಡ್ಯಾಗ ಮನಿ ಹೂಡಿ, ನನ್ನವ್ವ,
ನಿನ ದನಿಯ ಮರತು ಮಲಗಿಲ್ಲ.

ಒಂದು ಗಳಿಗೆ ಉಮಾನಾಥರಿಗೆ ಗೊಂದಲವಾಯಿತು. ಉಡುಪಿಯ ಹೆಂಗಸಿಗೆ ತೊಗರಿಯ ಸೀಮೆ ಎಲ್ಲಿಂದ ಬಂತು, ಈ ಬಡಗಣ ಮಾತು ಯಾಕೆ? ಆದರೆ ಬುದ್ಧಿವಂತನಿಗೆ ಸಮಾಧಾನ ಹುಡುಕುವುದು ಕಷ್ಟವೇ? ಹೋಟೆಲಿಗೆ ತೊಗರಿಬೇಳೆ ಹಾಕುವವರು ಬೀದರಿನಿಂದ ಬಂದು ಇಲ್ಲೇ ನೆಲೆಸಿದ ಮನ್ಮಥಪ್ಪ. ಅವರ ಹೆಂಡತಿ ಸಂಗಮ್ಮನ ಜೊತೆ ವಾರಿಜಾಕ್ಷಿ ದಿನಾ ಮಧ್ಯಾಹ್ನ ಹರಟೆಗೆ ಕೂರುತ್ತಾಳೆ, ಇತ್ತೀಚೆಗೆ "ಹೌದ್ರಿ" ಅನ್ನಲೂ ಕಲಿತಿದ್ದಾಳೆ. ತರಕಾರಿಯವಳ ಹತ್ತಿರ ಮರಾಠಿಯಲ್ಲಿ ಜಗಳವಾಡುವವಳು ಬೀದರಿನ ಮಾತಿನಲ್ಲಿ ಹಾಡಲಾರಳೇ? ಇನ್ನು ತೊಗರಿ? ಸಾಂಬಾರು ಮಾಡುವವಳಿಗೆ ತೊಗರಿಯಲ್ಲದೆ ಇನ್ನೇನು ನೆನಪಾಗಬೇಕು? ಎಲ್ಲ ಸರಿಹೋಯಿತು. ಉಮಾನಾಥರು ಅಂದು ಮಧ್ಯಾಹ್ನ ಸುಖವಾಗಿ ನಿದ್ದೆ ಮಾಡಿದರು.

ಸಂಘದ ಸಭೆ ಭಾನುವಾರ, ಧರ್ಮಶಾಲೆಯ ಹಜಾರದಲ್ಲಿ. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಮುಂದಿನ ಸಾಲಿನಲ್ಲಿ ವಾರಿಜಾಕ್ಷಿ ಹಸಿರು ಸೀರೆ ಉಟ್ಟು, ಕೈಯನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು ಕುಳಿತಿದ್ದಳು. ಅದನ್ನು ನೋಡಿ ಉಮಾನಾಥರಿಗೆ ಪ್ರೀತಿ ಉಕ್ಕಿತು. ಬರೀ ನಂಬರು ಹೇಳಿ ಕುಳಿತಿದ್ದರೆ ಆಗುತ್ತಿತ್ತು. ಆದರೆ ಕೈಗೆ ಮೈಕು ಬಂದಿತ್ತು.

ಮೂರನೆಯ ನಂಬರೇ ಈ ವರ್ಷದ ಮೆಚ್ಚಿನ ಹಾಡು ಎಂದು ಸಾರಿದರು. ಅದರ ಜೀವಾಳ ಆ ಕಲ್ಲಿನ ಸದ್ದು, ದುಡಿಯುವ ಕೈಯ ತಾಳ, ಅಂಥ ಹೆಂಡತಿಯನ್ನು ಪಡೆದ ಗಂಡನೇ ಭಾಗ್ಯವಂತ ಎಂದು ಬಣ್ಣಿಸಿದರು. ಮಾತು ಅಲ್ಲಿಗೂ ನಿಲ್ಲಲಿಲ್ಲ. "ಎರಡನೆಯ ನಂಬರಿನವರ ಕಂಠ ಒಳ್ಳೆಯದೇ. ಆದರೆ ಹಿಂದೆ ಒಂದು ಪಾತ್ರೆಯ ಸದ್ದೂ ಇಲ್ಲ ನೋಡಿ. ಮನೆಯಲ್ಲಿ ಕೆಲಸ ಇಲ್ಲದೆ, ಹೊತ್ತು ಹೋಗದೆ ಹಾಡಿದ ಹಾಗೆ ಉಂಟು. ಅವರ ಗಂಡನಿಗೂ ಸ್ವಲ್ಪ ಕಿವಿ ಇದ್ದಿದ್ದರೆ ಇಷ್ಟು ದುಃಖ ಇರ್ತಿರಲಿಲ್ಲ," ಎಂದು ಮೋಹನದಾಸರ ಕಡೆಗೆ ಒಂದು ಅರ್ಥಗರ್ಭಿತ ನೋಟ ಬೀರಿದರು. ಮೋಹನದಾಸರು ಏನೂ ಅರ್ಥವಾಗದೆ ಹಿಂದಕ್ಕೆ ತಿರುಗಿ ನೋಡಿದರು.

ಜಯಕರ ಹೆಸರುಗಳನ್ನು ಓದಿದ. ಮೂರನೆಯ ನಂಬರು, ಸಂಗಮ್ಮ ಮನ್ಮಥಪ್ಪ. ಎರಡನೆಯ ನಂಬರು, ವಾರಿಜಾಕ್ಷಿ ಉಮಾನಾಥ.

ಮೋಹನದಾಸರು ಈ ಸಲ ಮುಂದಕ್ಕೆ ತಿರುಗಿ ಉಮಾನಾಥರನ್ನೇ ನೋಡಿದರು.

ಸಂಗಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. "ನಂದೇನೂ ಇಲ್ರೀ ಅಣ್ಣಾರ. ನಮ್ ಕಡಿ ಬೀಸೋ ಕಲ್ಲು ತಿರುಗಿದ್ರಽ ಬಾಯಾಗ ಪದಾ ಬರ್ತಾವ್ರಿ. ಇಲ್ಲಿ ಹಿಟ್ಟೆಲ್ಲ ಗಿರಣಿಗಿ ಹೋಗ್ತದ, ಮನ್ಯಾಗ ಕಲ್ಲೇ ಇಲ್ಲ. ಬಾಯಿ ಕಟ್ಟಿದಂಗಾಗಿತ್ತು. ವಾರಿಜಕ್ಕನೇ, ನಮ್ಮನಿಗಿ ಬಾ, ನಾ ಕಲ್ಲು ತಿರುವ್ತೀನಿ, ನೀ ಹಾಡು ಅಂದ್ರು. ಅದು ಅಕ್ಕನ ಕೈರಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ವಾರಿಜಾಕ್ಷಿಯೂ ತಟ್ಟಿದಳು, ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದಳು. ಉಮಾನಾಥರಿಗೆ ಹೆದರಿಕೆಯಾದದ್ದೇ ಅದಕ್ಕೆ.

ಮನೆಗೆ ಬರುವ ದಾರಿಯಲ್ಲಿ ಅವಳು ನಾಲ್ಕು ಹೆಜ್ಜೆ ಮುಂದೆ ನಡೆದಳು. ಉಮಾನಾಥರು ಹಿಂದಿನಿಂದ ಮೋಹನದಾಸನ ಕಥೆ, ಕಲ್ಲಿನ ಕಥೆ, ತೊಗರಿಯ ಕಥೆ ಎಲ್ಲ ಬಿಚ್ಚಿ ಹೇಳಿ, ತಾವು ಅವಳನ್ನೇ ಗೆಲ್ಲಿಸಲು ಹೊರಟದ್ದು ಎಂದು ಬೇಡಿಕೊಂಡರು. ಬಾಗಿಲಲ್ಲಿ ಅವಳು ನಿಂತಳು.

"ಅಂದರೆ ನನ್ನ ಸ್ವರ ನಿಮಗೆ ಗೊತ್ತಾಗಲಿಲ್ಲ. ಕಲ್ಲಿನ ಸ್ವರ ಗೊತ್ತಾಯ್ತು."

ಹೇಳಿ ಅವಳು ಮೆಟ್ಟಿಲು ಹತ್ತಿದಳು.

ತಿಂಗಳೊಪ್ಪತ್ತಿನಲ್ಲಿ ಸಂಗಮ್ಮನ ತಟ್ಟೆ ಬಂತು. ಗಿರಾಕಿಗಳು ಕೇಳಿ ಕೇಳಿ ಹಾಕಿಸಿಕೊಳ್ಳುತ್ತಾರೆ, ಕಾಫಿ ಎರಡಲ್ಲ, ಮೂರಕ್ಕೆ ಹೋಗುತ್ತದೆ. ಆದರೆ ಆ ಟಕ್ ಸದ್ದು ಬಂದಾಗಲೆಲ್ಲ ಗಲ್ಲೆಯಲ್ಲಿ ಕುಳಿತ ಉಮಾನಾಥರ ಬಲಗೈ ತಾನೇ ಎದೆಯ ಮುಂದೆ ಸುತ್ತು ಹೊಡೆಯುವುದನ್ನು ಕಂಡು, ಅವರಿಗೇನೋ ವಾಯುವಿನ ತೊಂದರೆ ಎಂದು ಜನ ತಿಳಿದಿದ್ದಾರೆ.

ವಾಯುವಲ್ಲ, ಅಭ್ಯಾಸ. ದಿನಾ ಬೆಳಿಗ್ಗೆ ಅಕ್ಕಿ, ಉದ್ದು ಕಡೆಯುವುದು ಈಗ ಅವರೇ. ವಾರಿಜಾಕ್ಷಿ ಮಣೆ ಹಾಕಿಕೊಂಡು ಎದುರು ಕುಳಿತು ಹಾಡುತ್ತಾಳೆ. ತೀರ್ಪುಗಾರರಿಗೆ ಹಾಡಿನ ಹಿಂದೆ ಕೆಲಸದ ಸದ್ದು ಬೇಕು ಎಂದು ಅವರೇ ಮೈಕಿನಲ್ಲಿ ಹೇಳಿದ್ದರಲ್ಲ. ಹಾಡು ಬಹಳ ಚೆನ್ನಾಗಿದೆ. ಅದನ್ನು ಹೇಳೋಣವೆಂದು ಒಂದು ದಿನ ಅವರು ಕಲ್ಲು ನಿಲ್ಲಿಸಿ ಬಾಯಿ ತೆರೆದರು.

"ನಿಲ್ಲಿಸಬೇಡಿ, ತಾಳ ತಪ್ಪಿತು," ಎಂದಳು ವಾರಿಜಾಕ್ಷಿ. "ಬರುವ ವರ್ಷ ತೀರ್ಪುಗಾರರು ಮನ್ಮಥಪ್ಪನವರಂತೆ. ಅವರಿಗೆ ಕಿವಿ ಉಂಟು."