ಹಿಂದಿನ ಸೀಟಿನ ಯಂತ್ರ

ಫ್ಯೂಸ್ ಹಾಕಿದೆನೋ ಇಲ್ಲವೋ?

ಟ್ಯಾಕ್ಸಿ ಗ್ಯಾರೇಜಿನ ಗೇಟು ದಾಟಿದ ಮೇಲೆ ಅವಳಿಗೆ ಈ ಯೋಚನೆ ಬಂತು. ಹಿಂದಿನ ಸೀಟಿನ ಮೂಲೆಯಲ್ಲಿ ಕೂತು ಚೀಲದೊಳಗೆ ಕೈಯಾಡಿಸಿದಳು. ಕರವಸ್ತ್ರದ ಮಡಿಕೆಯಲ್ಲಿ ಫ್ಯೂಸ್ ಬೆಚ್ಚಗೆ ಮಲಗಿತ್ತು.

ಎಂಜಿನ್ನು ಕುಡಿಯುವ ಪೆಟ್ರೋಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಶಾಖವಾಗಿ ಗಾಳಿಗೆ ಹೋಗುತ್ತದೆ. ಅದರಲ್ಲಿ ಒಂದಿಷ್ಟನ್ನು ಹಿಡಿದು ಕರೆಂಟು ಮಾಡಿ ಬ್ಯಾಟರಿಗೆ ಕೊಟ್ಟರೆ ಎಂಜಿನ್ನಿಗೆ ಅಷ್ಟು ಹೊರೆ ಕಡಿಮೆ. ಅದಕ್ಕೆಂದೇ ಓದು ಮುಗಿದಾಗಿನಿಂದ ಅವಳು ಕೂತು ಮಾಡಿದ ಯಂತ್ರ ಟಿಫಿನ್ ಡಬ್ಬಿಯಷ್ಟಿತ್ತು. ಈಗ ಚಿಕ್ಕಪ್ಪನ ಟ್ಯಾಕ್ಸಿಯ ಹೊಗೆ ಕೊಳವೆಗೆ ಅಂಟಿಕೊಂಡಿತ್ತು. ಫ್ಯೂಸ್ ಇಲ್ಲದಿದ್ದರೆ ಅದು ನಿಜಕ್ಕೂ ಟಿಫಿನ್ ಡಬ್ಬಿಯೇ.

ಗ್ಯಾರೇಜೂ ಟ್ಯಾಕ್ಸಿಗಳೂ ಒಬ್ಬರೇ ಯಜಮಾನರವು. "ಟ್ಯಾಂಕ್ ತುಂಬಿಸಿದೀನಿ. ದಿನಾ ಹೋಗೋ ರೂಟಲ್ಲೇ ಒಂದು ಸುತ್ತು ಹಾಕಿ ಬನ್ನಿ. ಪೆಟ್ರೋಲ್ ಉಳಿದ್ರೆ ನಿನಗೆ ಇಲ್ಲೇ ಕೆಲಸ. ಇಲ್ಲಾಂದ್ರೆ ಡಬ್ಬಿ ಬಿಚ್ಕೊಂಡು ಹೋಗ್ತಾ ಇರು" ಎಂದಿದ್ದರು.

ಓಡಿಸುವವರು ಚಿಕ್ಕಪ್ಪ. ಟ್ಯಾಕ್ಸಿಯವರ ಬಾಯಲ್ಲಿ ರಾಕೆಟ್. ಸಿಗ್ನಲ್ ಹಸಿರಾಗುವ ಮೊದಲೇ ಹಾರ್ನ್ ಒತ್ತುವ ಮನುಷ್ಯ. ಅವರ ಪಕ್ಕದಲ್ಲಿ ಎದುರುಮನೆಯ ನಿವೃತ್ತ ಟೀಚರ್. ಹೇಗೂ ಕಣ್ಣಿನ ಡಾಕ್ಟರ ದಾರಿಯಲ್ಲೇ ಹೋಗುವುದಲ್ಲ ಎಂದು ಹತ್ತಿಕೊಂಡವರು.

"ಚಿಕ್ಕಪ್ಪ..." ಎಂದಳು. ದನಿ ಗಂಟಲಿನಿಂದ ಇಣುಕಿ ನೋಡಿ ಮತ್ತೆ ಒಳಗೆ ಹೋಯಿತು.

"ಏನ್ ಪುಟ್ಟಿ, ಜೋರಾಯ್ತಾ? ಡಬ್ಬಿ ಅಲ್ಲಾಡುತ್ತಾ?" ಟ್ಯಾಕ್ಸಿ ನಿಧಾನವಾಯಿತು.

"ಅದಲ್ಲ..."

"ಇನ್ನೂ ನಿಧಾನ ಬೇಕಾ? ಆಯ್ತಮ್ಮ."

ಟೀಚರ್ ಚಿಕ್ಕಪ್ಪನ ಕಡೆ ತಿರುಗಿದರು. "ಹುಡುಗಿ ಪ್ರಯೋಗ ಮಾಡ್ತಿದಾಳೆ, ನೀವು ಹಿಟ್ಟಿನ ಗಿರಣಿ ತರ ನಡುಗಿಸ್ತೀರಲ್ರೀ. ಎಸಿ ಆರಿಸಿ. ಆ ಬ್ರೇಕ್ ಮೇಲೆ ಏನು ಹಗೆ ನಿಮಗೆ?"

ಎಸಿ ಆರಿತು. ಸೇತುವೆಯ ಏರಿನಲ್ಲಿ ಅವಳು ಮತ್ತೆ "ಚಿಕ್ಕಪ್ಪ" ಎಂದಳು, ಟ್ಯಾಕ್ಸಿ ಮತ್ತಷ್ಟು ಮೆತ್ತಗಾಯಿತು. ಮನೆಮನೆಗೆ ಪತ್ರ ಹಂಚುತ್ತಾ ನಡೆದಿದ್ದ ಅಂಚೆಯಣ್ಣ ಅವರನ್ನು ಎರಡು ಸಲ ಹಿಂದೆ ಹಾಕಿದ. ಇನ್ನೊಬ್ಬ ಟ್ಯಾಕ್ಸಿಯವನು ಕಿಟಕಿಯಿಂದ ತಲೆ ಹಾಕಿ ನಕ್ಕ. "ಏನಣ್ಣ ರಾಕೆಟ್ಟು, ಒಳಗೆ ಮೊಟ್ಟೆ ಇಟ್ಕೊಂಡಿದೀಯಾ?"

"ನಮ್ಮಣ್ಣನ ಮಗಳು ಕೂತಿದಾಳೆ ಕಣೋ. ನೀನ್ ನಡಿ."

ಆ ಮಾತು ಕೇಳಿದ ಮೇಲೆ ಅವಳಿಗೆ ಬಾಯಿ ತೆರೆಯುವುದು ಇನ್ನೂ ಕಷ್ಟವಾಯಿತು. ಟ್ಯಾಕ್ಸಿ ತಲುಪುವಷ್ಟರಲ್ಲಿ ಡಾಕ್ಟರು ಊಟಕ್ಕೆ ಹೋಗಿಯಾಗಿತ್ತು. "ಇರಲಿ ಬಿಡಿ, ಕಣ್ಣು ಎಲ್ಲಿಗೂ ಓಡಿಹೋಗಲ್ಲ" ಎಂದು ಟೀಚರ್ ಸೀಟು ಬಿಟ್ಟು ಏಳಲಿಲ್ಲ.

ಸಂಜೆ ಬಂಕಿನಲ್ಲಿ ಯಜಮಾನರು ಕಾದು ನಿಂತಿದ್ದರು. ಟ್ಯಾಂಕು ಬೇಗನೆ ತುಂಬಿಬಿಟ್ಟಿತು. ಪಂಪು ಕೆಟ್ಟಿರಬೇಕೆಂದು ಅವರು ಅದರ ಬೆನ್ನಿಗೆ ಎರಡು ತಟ್ಟಿದರು. ಕೆಟ್ಟಿರಲಿಲ್ಲ. ಯಾವಾಗಲೂ ಸುಡುವ ಪೆಟ್ರೋಲಿನಲ್ಲಿ ಕಾಲು ಭಾಗ ಉಳಿದಿತ್ತು. ಫ್ಯೂಸ್ ಇದ್ದಿದ್ದರೂ ತನ್ನ ಡಬ್ಬಿ ಒಂದೆರಡು ಲೋಟಕ್ಕಿಂತ ಹೆಚ್ಚು ಉಳಿಸುತ್ತಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು.

"ನಾಳೆಯಿಂದ ಎಲ್ಲಾ ಟ್ಯಾಕ್ಸಿಗೂ ಹಾಕೋಣ" ಎಂದರು ಯಜಮಾನರು. ಚಿಕ್ಕಪ್ಪನ ಮುಖ ತಾವೇ ಡಿಗ್ರಿ ಪಾಸಾದ ಹಾಗೆ ಅರಳಿತು.

ಅವಳು ಮುಷ್ಟಿ ಬಿಚ್ಚಿದಳು.

ಯಜಮಾನರು ಫ್ಯೂಸನ್ನೂ ಅವಳನ್ನೂ ನೋಡಿದರು. "ಇದು ಡಬ್ಬಿಯೊಳಗೆ ಇರಬೇಕಿತ್ತಲ್ವಾ? ಬೆಳಗಿಂದ ಅದು ಕೆಲಸಾನೇ ಮಾಡಿಲ್ವಾ?"

ಇಲ್ಲವೆಂದು ತಲೆಯಾಡಿಸಿದಳು.

"ಮತ್ತೆ ಪೆಟ್ರೋಲ್ ಉಳಿಸಿದ್ದು ಯಾರು?"

"ಇವಳೇ" ಎಂದರು ಟೀಚರ್. "ಹಿಂದಿನಿಂದ ಚಿಕ್ಕಪ್ಪ ಅಂತಾಳೆ, ಇವರು ನಿಧಾನ ಮಾಡ್ತಾರೆ. ಬೆಳಗಿಂದ ಇದೇ ಕತೆ."

ಯಜಮಾನರು ಗಲ್ಲ ಕೆರೆದುಕೊಂಡರು. "ಹಾಗಾದ್ರೆ ಡಬ್ಬಿ ಬಿಚ್ಚಿಬಿಡು. ಕೆಲಸ ಮಾತ್ರ ನಿನ್ನದೇ. ದಿನಕ್ಕೊಂದು ಟ್ಯಾಕ್ಸೀಲಿ ಹಿಂದೆ ಕೂತ್ಕೊಂಡು ಡ್ರೈವರನ್ನ ಹೀಗೇ ಕರೀತಾ ಇರು."

ಅವಳು ಚಿಕ್ಕಪ್ಪನ ಕಡೆ ನೋಡಿದಳು. ದಿನವಿಡೀ ಬಿಗಿಹಿಡಿದ ಬಲಗಾಲನ್ನು ಅವರು ಬಾಗಿ ನೀವಿಕೊಳ್ಳುತ್ತಿದ್ದರು. ಅವಳ ದನಿ ಬೆಳಗಿನಿಂದ ಮೊದಲ ಸಲ ಇಡಿಯಾಗಿ ಹೊರಗೆ ಬಂತು.

"ಬೇಡ ಸಾರ್. ನನ್ನ ಅರ್ಧ ಮಾತಿಗೇ ನಿಧಾನ ಮಾಡೋ ಚಿಕ್ಕಪ್ಪ ಇರೋದು ಒಬ್ರೇ."