ಸ್ಯಾಂಟ್ರಿಯಲ್ಲಿ ಜರ್ಮನ್ನರ ರಿಪೇರಿ

ಕೆಲವರ ಹಿಂದೆ ಬೀದಿನಾಯಿಗಳು ತಾವಾಗಿಯೇ ಬರುತ್ತವೆ. ನನ್ನ ಹಿಂದೆ ತಪ್ಪುಗಳು ಬರುತ್ತವೆ, ದಿನಕ್ಕೊಂದರಂತೆ, ಸೋಮವಾರ ಎರಡು. ಜಾತಕದಲ್ಲಿ ದೋಷ ಹುಡುಕಬೇಕಾಗಿಲ್ಲ, ನನಗೆ ಸಂಬಳ ಕೊಡುವುದೇ ಅದಕ್ಕೆ.

ಡಬ್ಲಿನ್ನಿನ ಸ್ಯಾಂಟ್ರಿಯಲ್ಲಿ, ವಿಮಾನಗಳು ತಲೆ ಸವರಿಕೊಂಡು ಹೋಗುವ ಒಂದು ಬಿಸಿನೆಸ್ ಪಾರ್ಕಿನಲ್ಲಿ ನಮ್ಮ ಆಫೀಸು. ಜರ್ಮನಿಯ ಒಂದು ಕಂಪನಿ ಆ ದೇಶದ ಹೆಸರಾಂತ ಕ್ರೀಡಾಪಟುಗಳ ಜೀವನಚರಿತ್ರೆಗಳನ್ನೆಲ್ಲ ಒಂದು ಆ್ಯಪ್‌ನಲ್ಲಿ ತುಂಬಿಟ್ಟಿದೆ. ಕನ್ನಡಿಗರು ಅವನ್ನು ಓದದೆ ಸೊರಗುತ್ತಿದ್ದಾರೆ ಎಂದು ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ, ಅವರು ನೂರು ಕಾಲ ಬಾಳಲಿ. ಅವುಗಳ ಇಂಗ್ಲಿಷ್ ಪ್ರತಿಯಿಂದ ಅನುವಾದವನ್ನು ಯಂತ್ರ ಮಾಡುತ್ತದೆ, ನಾವು ತಿದ್ದುತ್ತೇವೆ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಯಂತ್ರದ ಪಾಲು. ಅವರಪ್ಪನಿಗೆ ಸೊಂಡಿಲು ಅಂಟಿಸುವುದು ನಮ್ಮ ಪಾಲು. ಒಬ್ಬ ಈಜುಗಾರ್ತಿ ಮೊದಲ ಸುತ್ತಿನ ಹೀಟ್ಸ್‌ನಲ್ಲಿ ಸೋತಿದ್ದರೆ, ಯಂತ್ರದ ಕನ್ನಡದಲ್ಲಿ ಆಕೆ ‘ಶಾಖದಲ್ಲಿ ನಿರ್ಮೂಲನೆಗೊಂಡರು’. ಪಾಪ, ನೀರಿನಲ್ಲಿದ್ದರೂ ಉಳಿಯಲಿಲ್ಲ.

ಕನ್ನಡ ವಿಭಾಗವೆಂದರೆ ಮೂರೇ ಜನ. ಮೈಸೂರಿನ ನಾನು. ಊರಿನ ಪತ್ರಿಕೆಯಲ್ಲಿ ಹದಿನೈದು ವರ್ಷ ಕರಡು ತಿದ್ದಿ ಬಂದ ಹುಬ್ಬಳ್ಳಿಯ ಸಾಹೇಬರು. ಆರು ತಿಂಗಳ ಹಿಂದೆ ಸೇರಿದ ಬೆಂಗಳೂರಿನ ಹುಡುಗಿ. ಕಾನ್ವೆಂಟಿನಲ್ಲಿ ಕನ್ನಡವನ್ನು ಮೂರನೆಯ ಭಾಷೆಯಾಗಿ ಓದಿದವಳು, ಅಭಿಮಾನವನ್ನು ಮಾತ್ರ ಮೊದಲನೆಯದಾಗಿ. ನಮ್ಮ ಮೇಲೆ ಲಿಮೆರಿಕ್ ಕಡೆಯ ಒಬ್ಬ ಐರಿಷ್ ಮ್ಯಾನೇಜರು. ಏನೇ ಹೇಳಿದರೂ ‘ಗ್ರ್ಯಾಂಡ್’, ಅಂದರೆ ‘ಭೇಷ್, ಆಗಲಿ’, ಎನ್ನುತ್ತಾನೆ. ಲಿಫ್ಟ್ ಕೆಟ್ಟಿದೆ ಎಂದರೂ ಗ್ರ್ಯಾಂಡ್, ನನ್ನ ಹಲ್ಲು ಕೀಳಿಸಬೇಕು ಎಂದರೂ ಗ್ರ್ಯಾಂಡ್.

ತಿಂಗಳಿಗೊಮ್ಮೆ ಜರ್ಮನಿಯಿಂದ ಪ್ರತಿ ಭಾಷೆಗೂ ಮಾರ್ಕ್ಸ್ ಬರುತ್ತದೆ. ಕಡಿಮೆ ಬಂದ ಭಾಷೆಯ ವಿಭಾಗವನ್ನು ಮುಚ್ಚುತ್ತಾರೆ. ನಮ್ಮ ಪಕ್ಕದ ಎರಡು ಭಾಷೆಗಳ ಜಾಗದಲ್ಲಿ ಈಗ ಹೂವಿನ ಕುಂಡಗಳಿವೆ. ನನ್ನ ವರ್ಕ್ ಪರ್ಮಿಟ್ ಈ ಕೆಲಸಕ್ಕೇ ಅಂಟಿಕೊಂಡದ್ದು. ಕೆಲಸ ಹೋದರೆ ಮನೆ, ಮಗಳ ಶಾಲೆ ಎಲ್ಲಕ್ಕೂ ಕುತ್ತು. ಹಾಗಾಗಿ ಈಗ ನಗುತ್ತಾ ಹೇಳುತ್ತಿದ್ದೇನಾದರೂ, ಆಗೆಲ್ಲ ನನಗೆ ನಿಜಕ್ಕೂ ಹೆದರಿಕೆಯಿತ್ತು.

ಇಪ್ಪತ್ತೊಂದು ಮೀಟರ್

ಒಬ್ಬ ಶಾಟ್‌ಪುಟ್ ವೀರ. ಅವನ ದೇಶದಲ್ಲಿ ಅವನ ಭುಜದ ಬಗ್ಗೆಯೇ ಲೇಖನಗಳು ಬಂದಿದ್ದವಂತೆ. ಶಾಟ್‌ಪುಟ್ ಎಂದರೆ ಕನ್ನಡದಲ್ಲಿ ಗುಂಡು ಎಸೆತ. ಯಂತ್ರಕ್ಕೆ ‘ಗುಂಡು’ ಸಿಕ್ಕಿತು, ‘ಎಸೆತ’ ಸಿಗಲಿಲ್ಲ. ಶಾಟ್‌ಗೆ ಗುಂಡು, ಪುಟ್‌ಗೆ ಹಾಕು ಎಂದು ಲೆಕ್ಕ ಹಾಕಿ, ಆ ಮಹಾನುಭಾವನ ಚರಿತ್ರೆಯನ್ನು ಹೀಗೆ ಬರೆದಿತ್ತು:

‘ಹದಿನಾಲ್ಕನೆಯ ವಯಸ್ಸಿನಲ್ಲೇ ಗುಂಡು ಹಾಕಲು ಆರಂಭಿಸಿದರು. ತಂದೆಯೇ ಮೊದಲ ಗುರು. ಶಾಲೆಗೆ ಹೋಗುವ ಮುನ್ನ ಒಂದು ಗಂಟೆ, ಬಂದ ಮೇಲೆ ಎರಡು ಗಂಟೆ ತಪ್ಪದೆ ಗುಂಡು ಹಾಕುತ್ತಿದ್ದರು. ಫೈನಲ್‌ನಲ್ಲಿ ಇಪ್ಪತ್ತೊಂದು ಮೀಟರ್ ಗುಂಡು ಹಾಕಿ ದೇಶದ ಗೌರವ ಉಳಿಸಿದರು.’

ಸಾಹೇಬರು ಇದನ್ನು ಜೋರಾಗಿ ಓದಿದರು. ನಾವು ಮೂವರೂ ಮೇಜು ಬಡಿದು ನಗುವುದನ್ನು ಕಂಡು ಮ್ಯಾನೇಜರು ಬಂದ. ನಮ್ಮಲ್ಲಿ ಗುಂಡು ಹಾಕುವುದೆಂದರೆ ಕುಡಿಯುವುದು ಎಂದು ವಿವರಿಸಿದೆ. ಅವನು ನಗಲಿಲ್ಲ, ಗಂಭೀರವಾಗಿ ಲೆಕ್ಕ ಹಾಕತೊಡಗಿದ.

“ಇಪ್ಪತ್ತೊಂದು ಮೀಟರ್ ಅಂದ್ರೆ, ಗ್ಲಾಸುಗಳನ್ನ ಸಾಲಾಗಿ ಇಟ್ರಾ?”

“ಹಾಗೇ ಅಂದ್ಕೊಳ್ಳಿ.”

“ಅದಕ್ಕೆ ಪದಕ ಕೊಟ್ರಾ? ನಮ್ಮ ಲಿಮೆರಿಕ್ ಕಡೆ ಅದಕ್ಕೆ ಮಾಮೂಲಿ ಮಂಗಳವಾರ ಅಂತಾರೆ.”

ಕುದುರೆಯವರು

ಕುದುರೆಯನ್ನು ಕುಣಿಸುವ ಒಂದು ಆಟವಿದೆ. ಕುದುರೆ ಕುಣಿಯುತ್ತದೆ, ಮೇಲೆ ಕುಳಿತವರಿಗೆ ಪದಕ. ಆ ಆಟದಲ್ಲಿ ಬಹಳ ಹೆಸರು ಮಾಡಿದ ಮಹಿಳೆಯೊಬ್ಬರ ಚರಿತ್ರೆ ಬಂತು. ಇಂಗ್ಲಿಷಿನ ಸರ್ವನಾಮಗಳಲ್ಲಿ ದಾರಿ ತಪ್ಪಿದ ಯಂತ್ರ, ಮರ್ಯಾದೆಯನ್ನೆಲ್ಲ ಅದಲುಬದಲು ಮಾಡಿತ್ತು. ‘ಅದು ಸಮಾರಂಭದಲ್ಲಿ ತನ್ನ ತಂದೆತಾಯಿಗೆ ಧನ್ಯವಾದ ಹೇಳಿ ಅತ್ತಿತು’ ಎಂದಿದ್ದದ್ದು ಮಹಿಳೆಯ ಬಗ್ಗೆ. ‘ಅವರು ಈಗ ನಿವೃತ್ತರಾಗಿ, ಹಳ್ಳಿಯೊಂದರಲ್ಲಿ ಹುಲ್ಲು ತಿಂದುಕೊಂಡಿದ್ದಾರೆ’ ಎಂದಿದ್ದದ್ದು ಕುದುರೆಯ ಬಗ್ಗೆ.

ಮಹಿಳೆಗೆ ‘ಅವರು’ ಹಾಕಿದೆ, ಕುದುರೆಗೆ ‘ಅದು’ ಹಾಕಿದೆ, ಕಳಿಸಿದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಜರ್ಮನಿಯ ಕಂಪನಿಯವರಿಗೆ ನಮ್ಮ ತಿದ್ದುಪಡಿ ಕಾಣುತ್ತದೆ, ಪ್ರತಿ ತಿದ್ದುಪಡಿಗೂ ಕಾರಣ ಬರೆಯಬೇಕು. ‘ಪ್ರಾಣಿಯಾದ್ದರಿಂದ ಬಹುವಚನ ಸಲ್ಲದು’ ಎಂದು ಬರೆದಿದ್ದೆ. ಎರಡು ಪುಟದ ಉತ್ತರ ಬಂತು. ಈ ಕ್ರೀಡೆಯಲ್ಲಿ ಸವಾರ ಮತ್ತು ಕುದುರೆ ಇಬ್ಬರೂ ಕ್ರೀಡಾಪಟುಗಳು, ಇಬ್ಬರಿಗೂ ಸಮಾನ ಗೌರವ ಸಲ್ಲಬೇಕು, ಕನ್ನಡ ವಿಭಾಗ ಭೇದಭಾವ ಮಾಡಿದ್ದಕ್ಕೆ ಮಾರ್ಕ್ಸ್ ಕಡಿತ.

ಬಿಸಿತುಪ್ಪ, ನುಂಗಿದೆವು. ಅಂದಿನಿಂದ ಆ್ಯಪ್‌ನಲ್ಲಿ ಕುದುರೆಯವರು ಬೆಳಿಗ್ಗೆ ಆರಕ್ಕೆ ಏಳುತ್ತಾರೆ, ಎರಡು ಸೇಬು ಸ್ವೀಕರಿಸುತ್ತಾರೆ, ಅಪರಿಚಿತರು ಹಿಂದಿನಿಂದ ಬಂದರೆ ದಯಮಾಡಿ ಒದೆಯುತ್ತಾರೆ.

ಸಾಹೇಬರು ಅದನ್ನು ಟೈಪ್ ಮಾಡುತ್ತಾ ಹಲ್ಲು ಕಡಿದರು. “ಏನ್ ಕಾಲ ಬಂತ್ರೀ. ನಮ್ಮ ಮಾವಗ ಸುದ್ದಾ ನಾ ಇಷ್ಟ ಮರ್ಯಾದಿ ಕೊಟ್ಟಿಲ್ಲ. ಅವರೂ ಒದೀತಿದ್ರು.”

ಲಂಗರು ಕಾಲು

ಯಂತ್ರವನ್ನೇ ಬೈದರೆ ನ್ಯಾಯವಾಗುವುದಿಲ್ಲ. ಇದು ನನ್ನದೇ ತಪ್ಪು.

ರಿಲೇ ಓಟದಲ್ಲಿ ಕೊನೆಯ ಸುತ್ತು ಓಡುವುದಕ್ಕೆ ಇಂಗ್ಲಿಷಿನಲ್ಲಿ ‘ಆ್ಯಂಕರ್ ಲೆಗ್’ ಎನ್ನುತ್ತಾರೆ. ಯಂತ್ರ ಅದನ್ನು ‘ಲಂಗರು ಕಾಲು’ ಎಂದಿತ್ತು. ಶುಕ್ರವಾರ ಸಂಜೆ ಐದಕ್ಕೆ ಐದು ನಿಮಿಷವಿತ್ತು, ನನ್ನ ಬಸ್ಸು ಐದೂ ಹತ್ತಕ್ಕೆ. ಕಣ್ಣಾಡಿಸಿದೆ, ಕಾಗುಣಿತ ಸರಿಯಿತ್ತು, ಒಪ್ಪಿಗೆ ಒತ್ತಿದೆ. ‘ತಂಡ ಹಿಂದೆ ಬಿದ್ದಿದ್ದಾಗ ಈ ಧೀರೆ ಲಂಗರು ಕಾಲಿನಿಂದ ಓಡಿ ಚಿನ್ನ ಗೆದ್ದರು’ ಎಂಬ ವಾಕ್ಯ ಲೋಕಕ್ಕೆ ಬಿಡುಗಡೆಯಾಯಿತು.

ಆ ಆ್ಯಪ್ಪನ್ನು ಕನ್ನಡದಲ್ಲಿ ಓದುವವರು ಯಾರೂ ಇಲ್ಲ ಎಂಬ ಧೈರ್ಯ ನನಗಿತ್ತು. ಒಬ್ಬರಿದ್ದರು. ಮಂಡ್ಯದ ನಮ್ಮ ಚಿಕ್ಕಮ್ಮ. ಅಕ್ಕನ ಮಗ ಫಾರಿನ್ನಿನಲ್ಲಿ ಏನೋ ಬರೆಯುತ್ತಾನೆ ಎಂಬ ಒಂದೇ ಕಾರಣಕ್ಕೆ ಡೌನ್‌ಲೋಡ್ ಮಾಡಿಕೊಂಡಿದ್ದರಂತೆ. ಭಾನುವಾರ ಫೋನು ಬಂತು.

“ಮಂಡಿ ನೋವು ಅಂತ ವಾಕಿಂಗ್ ಬಿಟ್ಟಿದ್ದೀಯಂತೆ?”

“ಹೂಂ ಚಿಕ್ಕಮ್ಮ, ಇಲ್ಲಿ ಚಳಿ…”

“ನಾಚಿಕೆ ಆಗಲ್ವೇನೋ? ಅಲ್ಲೊಬ್ಬಳು ಹೆಣ್ಣುಮಗಳು ಕಾಲಿಗೆ ಹಡಗಿನ ಲಂಗರು ಕಟ್ಕೊಂಡು ಓಡಿ ಚಿನ್ನ ತಂದವಳೆ! ಕುಟುಂಬದ ಗ್ರೂಪಿಗೆಲ್ಲ ಹಾಕಿದ್ದೀನಿ, ನೋಡು!”

ಆ ತಿಂಗಳ ಮಾರ್ಕ್ಸ್ ಬಂದಾಗ ಮ್ಯಾನೇಜರು ಕಾಗದವನ್ನು ನನ್ನ ಮುಂದಿಟ್ಟು ಕೆಳಗಿಳಿದ ಅಂಕಿಯ ಮೇಲೆ ಬೆರಳಿಟ್ಟ. ಗ್ರ್ಯಾಂಡ್ ಎನ್ನುತ್ತಾನೆಂದು ಕಾದೆ. ಎನ್ನಲಿಲ್ಲ. ಮಾರನೆಯ ದಿನ ನಮ್ಮ ಮೇಜಿನ ಉದ್ದಗಲವನ್ನು ಯಾರೋ ಟೇಪ್ ಹಿಡಿದು ಅಳೆಯುತ್ತಿದ್ದರು. ಏಕೆಂದು ಕೇಳಿದೆ. ಹೊಸ ಕುಂಡಗಳು ಬರುತ್ತವಂತೆ.

ಮಗಳ ಶಾಲೆಯಲ್ಲಿ

ನನ್ನ ಮಗಳಿಗೆ ಏಳು ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಡಬ್ಲಿನ್ ಇಂಗ್ಲಿಷಿನಲ್ಲಿ. ಮನೆಯಲ್ಲಿ ನಾನು ದಿನವೂ “ಇವತ್ತು ಇಬ್ಬರು ಜರ್ಮನ್ನರನ್ನ ರಿಪೇರಿ ಮಾಡಿದೆ” ಎಂದು ಹೆಂಡತಿಗೆ ಹೇಳುವುದನ್ನು ಅವಳು ಕೇಳಿಸಿಕೊಂಡಿದ್ದಳು. ಅಪ್ಪ ಏನು ಮಾಡುತ್ತಾರೆಂದು ಕ್ಲಾಸಿನಲ್ಲಿ ಕೇಳಿದರಂತೆ. “ಮೈ ಡ್ಯಾಡ್ ಫಿಕ್ಸಸ್ ಜರ್ಮನ್ಸ್” ಎಂದಳಂತೆ.

ಪೇರೆಂಟ್ಸ್ ಮೀಟಿಂಗ್‌ನಲ್ಲಿ ಟೀಚರು ಮಗಳ ಓದಿನ ಬಗ್ಗೆ ಎರಡು ನಿಮಿಷ ಮಾತಾಡಿದರು. ಆಮೇಲೆ ನನ್ನನ್ನು ಕಿಟಕಿಯ ಹತ್ತಿರ ಕರೆದು, ಪಾರ್ಕಿಂಗಿನಲ್ಲಿದ್ದ ತಮ್ಮ ಜರ್ಮನ್ ಕಾರನ್ನು ತೋರಿಸಿ, ಎಡಗಡೆಯ ಹಿಂದಿನ ಚಕ್ರದಿಂದ ಏನೋ ಸದ್ದು ಬರುತ್ತದೆ, ಸ್ವಲ್ಪ ನೋಡುತ್ತೀರಾ ಎಂದರು.

ಫಲಕ

ಕುಂಡಗಳು ಬರುವ ಮೊದಲು ಕಂಪನಿಯವರೇ ಬಂದರು. ವರ್ಷಕ್ಕೊಮ್ಮೆಯ ಭೇಟಿ. ಜೊತೆಗೆ ಆ ಆ್ಯಪ್‌ನ ಪ್ರಚಾರದ ಮುಖವಾದ ಒಬ್ಬ ನಿವೃತ್ತ ಜಾವೆಲಿನ್ ತಾರೆ. ತಮ್ಮ ಕಾಲದಲ್ಲಿ ಯುರೋಪನ್ನೆಲ್ಲ ಗೆದ್ದವರು. ಪ್ರತಿ ಭಾಷೆಯ ಮೇಜಿಗೂ ಅವರು ಬರುತ್ತಾರೆ, ಅದಾದ ಮೇಲೆ ಯಾವ ಭಾಷೆ ಉಳಿಯಬೇಕೆಂದು ತೀರ್ಮಾನ.

“ಕನ್ನಡ ಕೂದಲೆಳೆಯಲ್ಲಿ ನೇತಾಡ್ತಿದೆ,” ಎಂದ ಮ್ಯಾನೇಜರು. “ಆಕೆಗೆ ಖುಷಿಯಾಗೋ ಹಾಗೆ ಏನಾದ್ರೂ ಮಾಡಿ.”

ಕನ್ನಡಿಗರಿಗೆ ಇದನ್ನು ಹೇಳಿಕೊಡಬೇಕೇ? ಸನ್ಮಾನ! ಒಂದೇ ಗಂಟೆಯಲ್ಲಿ ಕೆಲಸ ಹಂಚಿಕೊಂಡೆವು. ಭಾಷಣ ನನ್ನದು. ತಿಂಡಿ ಸಾಹೇಬರದು. ಶಾಲು, ಹಾರ, ಫಲಕ ಬೆಂಗಳೂರಿನ ಹುಡುಗಿಯದು. “ಫಲಕದ ಮೇಲೆ ಅಚ್ಚ ಕನ್ನಡದಲ್ಲಿ ಬರೆಸ್ತೀನಿ ಸರ್, ನಾನೇ ಯೋಚ್ನೆ ಮಾಡಿ,” ಎಂದಳು. ಆ ‘ನಾನೇ ಯೋಚ್ನೆ ಮಾಡಿ’ ಎಂಬ ಮಾತಿಗೆ ನಾನು ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು. ಭಾಷಣದಲ್ಲಿ ಮುಳುಗಿದ್ದೆ.

ಸನ್ಮಾನದ ದಿನ ಬೆಳಿಗ್ಗೆ ತೊಂದರೆ ಶುರುವಾಯಿತು. ಅತಿಥಿಯ ಕೊರಳಿಗೆ ಏನನ್ನೂ ಹಾಕುವಂತಿಲ್ಲ, ಮೈ ಮುಟ್ಟಬಾರದೆಂದು ಆಫೀಸಿನ ಪಾಲಿಸಿ ಇದೆ ಎಂದ ಮ್ಯಾನೇಜರು. ಊರಿಂದ ತರಿಸಿದ್ದ ಗಂಧದ ಹಾರ ದಂಡವಾಗಬಾರದಲ್ಲ. ಹುಡುಗಿ ಅದನ್ನು ಫಲಕದ ಪಕ್ಕದಲ್ಲಿದ್ದ ಆ ತಾರೆಯ ದೊಡ್ಡ ಫೋಟೋಗೆ ಹಾಕಿದಳು. ಕಪ್ಪು ಬಿಳುಪು ಫೋಟೋ. ದೀಪ ಹಚ್ಚಿದರೆ ಅಲಾರಂ ಹೊಡೆಯುತ್ತದೆಂದು ಎರಡು ಕಡೆ ಬ್ಯಾಟರಿ ದೀಪ ಇಟ್ಟಳು. ಅಷ್ಟರಲ್ಲಿ ಸಾಹೇಬರು ತಿಂಡಿ ತಂದರು. ವಡೆ, ಪಾಯಸ.

ನಾನು ಒಳಗೆ ಬಂದವನು ಬಾಗಿಲಲ್ಲೇ ನಿಂತೆ. ಕಪ್ಪು ಬಿಳುಪು ಫೋಟೋ, ಗಂಧದ ಹಾರ, ಎರಡು ದೀಪ, ಮುಂದೆ ವಡೆ ಪಾಯಸ. ವೈಕುಂಠ ಸಮಾರಾಧನೆಗೆ ಪುರೋಹಿತರೊಬ್ಬರು ಕಡಿಮೆ. ಏನಾದರೂ ಮಾಡುವ ಮೊದಲೇ ಅತಿಥಿ ಬಂದೇಬಿಟ್ಟರು. ಆರಡಿ ಎತ್ತರ, ಅರವತ್ತರ ಮೇಲೆ ವಯಸ್ಸು, ಕೈ ಕುಲುಕಿದರೆ ಇನ್ನೂ ನೋಯುತ್ತದೆ. ಜೊತೆಗೆ ಟ್ಯಾಬ್ಲೆಟ್ ಹಿಡಿದ ಕಂಪನಿಯ ಅಧಿಕಾರಿ.

ಪರವಾಗಿಲ್ಲ, ಜರ್ಮನ್ನರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತದೆ ಎಂದು ಧೈರ್ಯ ತಂದುಕೊಂಡು ಭಾಷಣ ಮುಗಿಸಿದೆ. ಹುಡುಗಿ ಹೆಮ್ಮೆಯಿಂದ ಫಲಕದ ಮೇಲಿನ ಬಟ್ಟೆ ಸರಿಸಿದಳು. ಬಂಗಾರದ ಬಣ್ಣದ ಅಕ್ಷರಗಳು:

‘ಕೀರ್ತಿಶೇಷ ಜಾವೆಲಿನ್ ತಾರೆಗೆ ಕನ್ನಡಿಗರ ಭಾವಪೂರ್ಣ ನಮನ.’

ಸಾಹೇಬರ ಗಂಟಲಲ್ಲಿ ಚಹಾ ಸಿಕ್ಕಿಕೊಂಡಿತು. ಹದಿನೈದು ವರ್ಷ ಪತ್ರಿಕೆಯಲ್ಲಿ ಶ್ರದ್ಧಾಂಜಲಿ ಪುಟ ತಿದ್ದಿದ ಮನುಷ್ಯ. ಕೆಮ್ಮುತ್ತಲೇ ನನ್ನ ಕಿವಿಗೆ ಬಾಗಿ, “ಈ ಬಾಯಾರು ಇನ್ನೂ ಜೀವಂತ ಅದಾರ್ರೀ!” ಎಂದರು.

ನಾನು ಹುಡುಗಿಯ ಕಡೆ ತಿರುಗಿ ಹಲ್ಲು ಬಿಗಿದು, “ಸತ್ತವರಿಗೆ ಹೇಳೋದಲ್ವೇನಮ್ಮ ಅದು?” ಎಂದೆ.

ಅವಳು ಫಲಕವನ್ನು ಇನ್ನೊಮ್ಮೆ ಓದಿಕೊಂಡಳು. “ಕೀರ್ತಿ ಅಂದ್ರೆ ಫೇಮ್, ಶೇಷ ಅಂದ್ರೆ ಉಳಿದಿರೋದು… ಪೇಪರ್‌ನಲ್ಲಿ ದೊಡ್ಡ ದೊಡ್ಡವರ ಹೆಸರ ಮುಂದೆಲ್ಲ ಇರುತ್ತಲ್ಲ ಸರ್?”

ಇರುತ್ತದೆ, ತಾಯಿ. ಅವರು ಹೋದ ಮೇಲೆ ಇರುತ್ತದೆ.

ಅಷ್ಟರಲ್ಲಿ ಆ ತಾರೆ ಫಲಕವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, “ಎಷ್ಟು ಸುಂದರವಾದ ಅಕ್ಷರಗಳು! ಏನು ಬರೆದಿದೆ?” ಎಂದು ನನ್ನನ್ನೇ ಕೇಳಿದರು. ಅಧಿಕಾರಿಯ ಬೆರಳು ಟ್ಯಾಬ್ಲೆಟ್ಟಿನ ಮೇಲೆ ಕಾಯುತ್ತಿತ್ತು. ಮ್ಯಾನೇಜರು ನನ್ನ ಮುಖ ನೋಡಿದ. ನನಗೆ ಕಂಡದ್ದು ಒಂದೇ: ನನ್ನ ಕುರ್ಚಿಯ ಜಾಗದಲ್ಲಿ ಒಂದು ಕುಂಡ, ಅದರಲ್ಲೊಂದು ಗಿಡ. ಸುಳ್ಳು ಹೇಳಿದರೆ ನಾಳೆ ಅವರು ಯಾರನ್ನಾದರೂ ಕೇಳಿ ತಿಳಿಯುತ್ತಾರೆ. ನಿಜ ಹೇಳಿದರೆ ಇವತ್ತೇ ತಿಳಿಯುತ್ತದೆ. ಕೊನೆಗೆ ಯಂತ್ರ ಮಾಡುವುದನ್ನೇ ನಾನೂ ಮಾಡಿದೆ. ಪದಕ್ಕೆ ಪದ ಅನುವಾದಿಸಿದೆ.

“ಮೇಡಂ, ಯಾರ ಕೀರ್ತಿ ಉಳಿದಿದೆಯೋ ಅವರಿಗೆ, ಅಂತ.”

ಆಕೆ ಫಲಕದ ಮೇಲೆ ಬೆರಳಾಡಿಸಿದರು. ಕಣ್ಣು ತುಂಬಿತ್ತು. “ಆಟ ಬಿಟ್ಟ ಎರಡೇ ವರ್ಷಕ್ಕೆ ನಮ್ಮ ಬೀದಿಯ ಬೇಕರಿಯವನೇ ನನ್ನ ಗುರುತು ಮರೆತ,” ಎಂದರು. “ನನ್ನ ಭಾಷೆಯಲ್ಲಿ ಯಾರೂ ನನಗೆ ಈ ಮಾತು ಹೇಳಲಿಲ್ಲ.” ನನಗೆ ನಾಚಿಕೆಯಾಯಿತು. ಆಮೇಲೆ ಆಕೆ ಅಧಿಕಾರಿಯ ಕಡೆ ತಿರುಗಿ ಖಡಾಖಂಡಿತವಾಗಿ ಹೇಳಿದರು: “ಬರೆದುಕೊಳ್ಳಿ. ನನ್ನ ಸಮಾಧಿಯ ಮೇಲೆ ಇದೇ ಪದ, ಇದೇ ಲಿಪಿಯಲ್ಲಿ ಕೆತ್ತಬೇಕು. ಕಾಗುಣಿತ ನೋಡುವುದಕ್ಕೆ ಆಗ ಇವರು ಇರಬೇಕು. ಈ ವಿಭಾಗ ಮುಚ್ಚಕೂಡದು.”

ಅಧಿಕಾರಿ ಬರೆದುಕೊಂಡ. ಮ್ಯಾನೇಜರು ಎರಡು ತಿಂಗಳ ಬಳಿಕ ಮೊದಲ ಸಲ “ಗ್ರ್ಯಾಂಡ್” ಎಂದ. ಅತಿಥಿ ವಡೆ ಪಾಯಸವನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದರು. ತಮ್ಮದೇ ಸಮಾರಾಧನೆಯ ಊಟವನ್ನು ಅಷ್ಟು ಸಂತೋಷವಾಗಿ ಉಂಡವರನ್ನು ನಾನು ಬೇರೆ ಕಂಡಿಲ್ಲ.

ಅವರೆಲ್ಲ ಹೋದ ಮೇಲೆ ಫೋಟೋದ ಹಾರ ತೆಗೆದೆ. “ಸಾಹೇಬ್ರೇ, ಬದುಕಿರೋರಿಗೆ ಅಷ್ಟು ದೊಡ್ಡ ತಪ್ಪು ಬರೆದುಕೊಟ್ವಲ್ಲ,” ಎಂದೆ.

ಸಾಹೇಬರು ಉಳಿದ ವಡೆಯನ್ನು ಪಾಯಸದಲ್ಲಿ ಅದ್ದುತ್ತಾ ಹೇಳಿದರು:

“ಅನುವಾದದಾಗ ಏನೂ ತಪ್ಪಿಲ್ರೀ. ಡೆಡ್‌ಲೈನ್‌ಕಿಂತ ಸ್ವಲ್ಪ ಮೊದಲ ಕೊಟ್ಟೀವಿ, ಅಷ್ಟ.”