ಫಿಲಾಸಫಿ ಒಂದನೇ ಆಪ್ಶನ್

ತತ್ತ್ವಶಾಸ್ತ್ರದ ಮೇಲೆ ನನಗೆ ಹಗೆಯೇನೂ ಇಲ್ಲ. ಅದು ನಮ್ಮ ಅಡಿಗೆಕೋಣೆಯೊಳಗೆ ಬಾರದಿದ್ದರೆ ಸಾಕು. ಆದರೆ ಪ್ಲಸ್ ಟು ಮುಗಿಸಿದ ಮಗಳು ಸೌಮ್ಯ, ಡಿಗ್ರಿಯ ಅರ್ಜಿಯಲ್ಲಿ ಫಿಲಾಸಫಿಯನ್ನು ಒಂದನೇ ಆಪ್ಶನ್ ಮಾಡಿ ಕಾಮರ್ಸನ್ನು ಎರಡಕ್ಕೆ ತಳ್ಳಿದ್ದಳು. "ಅದನ್ನು ಕಲಿತು ಎಂತ ಮಾಡುವುದು? ಜನ ಎಂತ ಹೇಳಿಯಾರು?" ಎಂದೆ. "ಜನ ಅಂದ್ರೆ ಯಾರಮ್ಮ?" ಎಂದಳು. ಹರಿವೆ ಸೊಪ್ಪು ಬಿಡಿಸುತ್ತ ಎಣಿಸಿ ನೋಡಿದೆ. ಇಬ್ಬರ ಮೇಲೆ ಹೋಗಲಿಲ್ಲ. ಅದರಲ್ಲೂ ಒಬ್ಬಳು ನನ್ನ ನಾದಿನಿ. ಸೀಟು ಸಿಗುವ ಮೊದಲೇ ಹೀಗೆ! ಇನ್ನು ಮೂರು ವರ್ಷ ಕಲಿತರೆ ಈ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಒಂದು ಸಾರು ಇಳಿಯುವುದುಂಟೇ? ಗಂಡನಲ್ಲಿ ಹೇಳಿಕೊಂಡರೆ, "ಅವಳಿಗೆ ಖುಷಿ ಅಲ್ವಾ?" ಎಂದು ಪೇಪರಿನ ಹಿಂದೆ ಮರೆಯಾದರು.

ಆಪ್ಶನ್ ಬದಲಿಸಲು ಕೊನೆಯ ದಿನವೇ ಅವಳಿಗೆ ಜ್ವರ. ಆನ್‌ಲೈನ್ ಅರ್ಜಿಗೆ ಒಂದು ಸರ್ಟಿಫಿಕೇಟನ್ನು ಇನ್ನೊಮ್ಮೆ ಹಾಕಬೇಕೆಂದು, ಪಾಸ್‌ವರ್ಡ್ ಬರೆದ ಚೀಟಿ ಕೊಟ್ಟು ನನ್ನನ್ನು ಬಂದ್ಯೋಡಿನ ಕಂಪ್ಯೂಟರ್ ಅಂಗಡಿಗೆ ಕಳಿಸಿದಳು. ದೇವರೇ ಕೊಟ್ಟ ಅವಕಾಶ ಅನ್ನಿಸಿತು. ಸರ್ಟಿಫಿಕೇಟು ಹಾಕಿಸಿಯಾದ ಮೇಲೆ, "ಹಾಗೇ ಆ ಕಾಮರ್ಸನ್ನು ಸ್ವಲ್ಪ ಮೇಲೆ ಮಾಡು ಮಾರಾಯ" ಎಂದೆ. ಅಂಗಡಿಯ ಇಬ್ರಾಹಿಂ ಒಂದು ಗುಂಡಿ ಒತ್ತಿದ. ಕಾಮರ್ಸ್ ಮೇಲೆ ಹೋಯಿತು. ಮಗಳ ಮೂರು ವರ್ಷ, ಅಷ್ಟು ಸುಲಭದಲ್ಲಿ!

"ಸೇವ್ ಮಾಡ್ಲಾ ಅಕ್ಕಾ? ಮಗಳಿಗೆ ಗೊತ್ತುಂಟಲ್ಲಾ?"

"ಉಂಟು" ಎಂದರೆ ಮುಗಿಯಿತು. ಬಾಯಿ ತೆರೆದರೆ ಆ ಒಂದು ಶಬ್ದ ಹೊರಡಲೊಲ್ಲದು. ಅವಳ ಒಳ್ಳೆಯದಕ್ಕೇ ಅಲ್ಲವೇ? ಆದರೆ ಅವಳಿಗೆ ಒಳ್ಳೆಯದು ಯಾವುದೆಂದು ನನಗೆ ಹೇಗೆ ಗೊತ್ತು? ನಾಳೆ ಸೀಟು ಬಂದಾಗ, "ನನಗೇನೂ ಗೊತ್ತಿಲ್ಲ" ಎಂದು ಅವಳ ಮುಖ ನೋಡಿ ಹೇಳಲಾದೀತೇ? ಏನೂ ಹೇಳದೆ ಇದ್ದುಬಿಟ್ಟರೆ ಅದೂ ಸುಳ್ಳೇ ಅಲ್ಲವೇ? ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಇಂಥ ತಲೆನೋವು ಬಂದದ್ದಿಲ್ಲ. ಮಗಳಿಂದ ಜ್ವರ ಅಂಟುವ ಬದಲು ಇದು ಅಂಟಿಬಿಟ್ಟಿತೇ?

ಹಿಂದೆ ರೇಷನ್ ಕಾರ್ಡ್ ಹಿಡಿದು ನಿಂತಿದ್ದ ಹೆಂಗಸಿಗೆ ತಾಳ್ಮೆ ತಪ್ಪಿತು. "ಎಂತ ಅಕ್ಕಾ, ಮಗಳಿಗೆ ಕಾಲೇಜು ನೋಡುವುದಾ, ಗಂಡು ನೋಡುವುದಾ? ನನಗೆ ಬಸ್ಸುಂಟು ಮಾರಾಯ್ರೆ!"

"ಬೇಡ, ಮೊದಲಿದ್ದ ಹಾಗೆಯೇ ಇರಲಿ" ಎಂದೆ. ಇಬ್ರಾಹಿಂ ನಿಟ್ಟುಸಿರಿಟ್ಟು ಫಿಲಾಸಫಿಯನ್ನು ಮತ್ತೆ ಮೇಲೇರಿಸಿದ.

ಮನೆಗೆ ಬಂದಾಗ ಸೌಮ್ಯ ಹೊದಿಕೆಯೊಳಗಿನಿಂದಲೇ ಕೇಳಿದಳು: "ಇಷ್ಟು ಹೊತ್ತು ಎಂತ ಮಾಡಿದ್ದಮ್ಮ?"

"ಕರೆಂಟ್ ಇರ್ಲಿಲ್ಲ" ಎಂದೆ. ಒಂದು ಸುಳ್ಳಿಗೆ ಹೆದರಿ ಅಷ್ಟು ಹೊತ್ತು ಕಂಬದಂತೆ ನಿಂತು ಬಂದವಳಿಗೆ, ಇದನ್ನು ಹೇಳಲು ಚಪ್ಪಲಿ ಕಳಚುವಷ್ಟು ಹೊತ್ತೂ ಬೇಕಾಗಲಿಲ್ಲ.